ಹಳೇ ಟೂ ಸ್ಟ್ರೋಕ್ ಲಾನ್ ಮೋವರ್ ರಿಪೇರಿ: ಬಿಡಿಭಾಗ ಸಿಗದಿದ್ದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಟೂ ಸ್ಟ್ರೋಕ್ ಮೋವರ್ ಇಟ್ಟುಕೊಂಡವರ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಮೊದಲು ಯಾರು ಬೇಕಾದರೂ ಮಾಡಬಹುದಾದ ಕೆಲಸ, ಆಮೇಲೆ ಎಂಜಿನ್ ಬಿಚ್ಚುವ ಕೆಲಸ. ಉತ್ತರಗಳಲ್ಲಿ ಒಂದು ಮಾತು ಅಲ್ಲಲ್ಲಿ ಬರುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ: ಬಿಡಿಭಾಗವನ್ನು ಮೋವರ್‌ನ ಹೆಸರು ಹಿಡಿದು ಹುಡುಕಬೇಡಿ, ಅಳತೆ ಹಿಡಿದು ಹುಡುಕಿ.

## ಸ್ಪ್ಯಾನರ್ ಹಿಡಿಯುವ ಮೊದಲು

ಇಷ್ಟು ಹಳೇ ಮಿಷನ್ ರಿಪೇರಿ ಮಾಡೋದರಲ್ಲಿ ಅರ್ಥ ಇದೆಯಾ?

ಬಹಳ ಸಲ ಇದೆ. ಈ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಫೋರ್ ಸ್ಟ್ರೋಕ್‌ನಲ್ಲಿರುವಂಥ ವಾಲ್ವ್ ಇಲ್ಲ, ಅದನ್ನು ತೆರೆಯುವ ಕ್ಯಾಮ್ ಇಲ್ಲ, ಆಯಿಲ್ ಪಂಪ್ ಇಲ್ಲ. ಒಳಗೆ ಮುಖ್ಯವಾಗಿ ಓಡಾಡುವುದು ಪಿಸ್ಟನ್, ಕನೆಕ್ಟಿಂಗ್ ರಾಡ್, ಬ್ಲೇಡ್ ತಿರುಗಿಸುವ ಕ್ರ್ಯಾಂಕ್, ಈ ಮೂರೇ. ಸವೆಯುವ ಭಾಗಗಳಲ್ಲಿ ಅರ್ಧದಷ್ಟು ಬೇರಿಂಗ್, ಸೀಲ್, ಪ್ಲಗ್‌ನಂಥ ಸಾಮಾನ್ಯ ವಸ್ತುಗಳು. ನಿಂತೇ ಹೋದ ಮೋವರ್‌ಗಳಲ್ಲಿ ಎಷ್ಟೋ ಬರೀ ಕೊಳೆ, ಹಳಸಿದ ಪೆಟ್ರೋಲ್, ತುಕ್ಕು ಹಿಡಿದ ಪಾಯಿಂಟ್‌ನಿಂದ (ಕಿಡಿ ಹುಟ್ಟಿಸಲು ಕರೆಂಟ್ ಕಡಿದು ಕೂಡಿಸುವ ಸ್ವಿಚ್) ನಿಂತಿರುತ್ತವೆ. ಹಾಗಾಗಿ ಮೊದಲು ಕ್ಲೀನ್ ಮಾಡಿ, ಆಮೇಲೆ ಪರೀಕ್ಷೆ ಮಾಡಿ, ಆಮೇಲೆ ಅಳೆಯಿರಿ. ಬಿಡಿಭಾಗ ಹುಡುಕುವುದು ಕೊನೆಯ ಕೆಲಸ.

ಸ್ಟಿಕರ್ ಎಲ್ಲಾ ಅಳಿಸಿ ಹೋಗಿದೆ. ನನ್ನದು ಯಾವ ಮಾಡೆಲ್ ಅಂತ ಹೇಗೆ ಗೊತ್ತಾಗುತ್ತೆ?

ಮೋವರ್ ಮಾಡಿದವರು ಬೇರೆ, ಎಂಜಿನ್ ಮಾಡಿದವರು ಬೇರೆ ಇರಬಹುದು ಅನ್ನುವುದು ಮೊದಲು ತಲೆಯಲ್ಲಿರಲಿ. ಇಂಗ್ಲೆಂಡಿನ ವಿಲಿಯರ್ಸ್ ಕಂಪನಿ ಎಂಜಿನ್ ಮಾಡಿ ಹಲವು ಮೋವರ್ ಕಂಪನಿಗಳಿಗೆ ಕೊಡುತ್ತಿತ್ತು. 1952ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ವಿಕ್ಟಾ, ಅಮೆರಿಕದ ಲಾನ್-ಬಾಯ್ ಮುಂತಾದವಕ್ಕೆ ತಮ್ಮದೇ ಎಂಜಿನ್‌ಗಳಿದ್ದವು. ಹಾಗಾಗಿ ಮೈಮೇಲಿನ ಹೆಸರಿಗಿಂತ ಎಂಜಿನ್ ನಂಬರ್ ಮುಖ್ಯ. ಅದು ಸಾಮಾನ್ಯವಾಗಿ ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಕೂರುವ ಡಬ್ಬಿ) ಮೇಲೆ, ಇಲ್ಲವೇ ಗಾಳಿ ಮುಸುಕಿನ ತಗಡಿನ ಮೇಲೆ ಒತ್ತಿರುತ್ತದೆ. ಜಿಡ್ಡು ಒರೆಸಿ, ಸೀಮೆಸುಣ್ಣ ಉಜ್ಜಿ, ಓರೆಯಾಗಿ ಟಾರ್ಚ್ ಹಿಡಿದರೆ ಅಳಿಸಿದ ಅಕ್ಷರವೂ ಎದ್ದು ಕಾಣುತ್ತದೆ. ಏನೂ ಸಿಗದಿದ್ದರೂ ಚಿಂತೆ ಇಲ್ಲ. ಬೋರ್‌ನ (ಪಿಸ್ಟನ್ ಓಡುವ ಸಿಲಿಂಡರ್ ತೂತಿನ) ವ್ಯಾಸ, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, ಕ್ರ್ಯಾಂಕ್ ದಪ್ಪ, ಇವನ್ನು ಬರೆದಿಟ್ಟುಕೊಂಡರೆ ಅದೇ ನಿಮ್ಮ ಮಾಡೆಲ್ ನಂಬರ್.

ಬ್ಲೇಡ್ ಕಡೆ ಕೆಲಸ ಮಾಡೋಕೆ ಮಿಷನ್ ಮಗುಚಬಹುದಾ?

ಮಗುಚಬಹುದು. ಇದರ ಕೆಳಗೆ ಆಯಿಲ್ ನಿಲ್ಲುವ ಸಂಪ್ ಇಲ್ಲ. ಆದರೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಮೇಲ್ಗಡೆ ಬರುವಂತೆ ಮಲಗಿಸಿ. ಅದಕ್ಕೂ ಮೊದಲು ಪ್ಲಗ್ ವೈರ್ ಕಿತ್ತು ದೂರ ಕಟ್ಟಿಡಿ. ಬ್ಲೇಡನ್ನು ಕೈಯಲ್ಲಿ ಅರ್ಧ ಸುತ್ತು ತಿರುಗಿಸಿದರೂ ಬಿಸಿ ಎಂಜಿನ್ ಒಂದು ಏಟು ಹೊಡೆಯಬಹುದು. ಆ ಒಂದು ಏಟಿಗೆ ಬೆರಳು ಹೋಗುತ್ತದೆ. ಇದರಲ್ಲಿ ರಿಯಾಯಿತಿ ಬೇಡ.

ಪೆಟ್ರೋಲ್‌ಗೆ ಎಷ್ಟು ಆಯಿಲ್ ಹಾಕ್ಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಂಜಿನ್ ಮಾಡಿದವರು ಹೇಳಿದ ಪ್ರಮಾಣವೇ ಸರಿ. ವಿಕ್ಟಾ ಟೂ ಸ್ಟ್ರೋಕ್‌ಗೆ 25:1 (25 ಪಾಲು ಪೆಟ್ರೋಲ್‌ಗೆ ಒಂದು ಪಾಲು ಆಯಿಲ್) ಅಂತ ರೂಢಿ. ಲಾನ್-ಬಾಯ್‌ನ ಈಚಿನ ಎಂಜಿನ್‌ಗಳಿಗೆ 32:1. ಇನ್ನೂ ಹಳೆಯ ಎಂಜಿನ್‌ಗಳಲ್ಲಿ 16:1 ಕೂಡ ಇದೆ. ಒಂದು ಲೀಟರ್ ಪೆಟ್ರೋಲ್‌ಗೆ ಲೆಕ್ಕ ಹಾಕಿದರೆ 16:1 ಅಂದರೆ ಸುಮಾರು 63 ಮಿ.ಲೀ., 25:1 ಅಂದರೆ 40, 32:1 ಅಂದರೆ 31, 50:1 ಅಂದರೆ 20 ಮಿ.ಲೀ.

ಈಗಿನ ಆಯಿಲ್ ಡಬ್ಬಿ ಮೇಲೆ 50:1 ಅಂತ ಬರೆದಿರುತ್ತದೆ. ಅದನ್ನು ನೋಡಿ ಹಳೇ ಎಂಜಿನ್‌ಗೆ ಅಷ್ಟೇ ಹಾಕಬೇಡಿ. ಆಯಿಲ್ ಉತ್ತಮವಾಗಿದೆ ನಿಜ, ಆದರೆ ನಿಮ್ಮ ಎಂಜಿನ್‌ನ ಒಳಗೆ ಸೂಜಿ ಬೇರಿಂಗ್ ಬದಲು ಕಂಚಿನ ಬುಷ್ ಇದ್ದರೆ ಅದಕ್ಕೆ ಜಾಸ್ತಿ ಆಯಿಲ್ ಬೇಕೇ ಬೇಕು. ಯಾವುದಿದೆ ಅಂತ ಗೊತ್ತಿಲ್ಲದಿದ್ದರೆ 25:1 ಇಟ್ಟುಕೊಳ್ಳಿ, ಕೈಪಿಡಿ 16:1 ಅಂದಿದ್ದರೆ ಅದನ್ನೇ ಪಾಲಿಸಿ. ಇನ್ನೊಂದು ಕಡೆಯ ತಪ್ಪೂ ಇದೆ. 'ಆಯಿಲ್ ಜಾಸ್ತಿ ಆದಷ್ಟೂ ಒಳ್ಳೇದು' ಅಂತ ಸುರಿಯುವವರಿದ್ದಾರೆ. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಜೆಟ್‌ನ ತೂತು ಅಷ್ಟೇ ಇರುವುದರಿಂದ ಆಯಿಲ್ ಹೆಚ್ಚಾದರೆ ಅದರ ಜೊತೆ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ. ಎಂಜಿನ್‌ಗೆ ಪೆಟ್ರೋಲ್ ಸಾಲದೆ ಕಾವು ಏರುತ್ತದೆ, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ.

ಗಾಳಿಯಿಂದ ತಣಿಯುವ ಎಂಜಿನ್‌ನ ಟೂ ಸ್ಟ್ರೋಕ್ ಆಯಿಲ್ ತೆಗೆದುಕೊಳ್ಳಿ. ಡಬ್ಬಿ ಮೇಲೆ ಜಾಸೋ (ಜಪಾನಿನ ಆಯಿಲ್ ದರ್ಜೆ) ಎಫ್‌ಸಿ ಅಥವಾ ಎಫ್‌ಡಿ ಅಂತ ಇದ್ದರೆ ಆಯಿತು. ಟಿಸಿ-ಡಬ್ಲ್ಯು3 ಅಂತ ಇರುವುದು ದೋಣಿಯ ಎಂಜಿನ್‌ಗೆ, ಅವು ನೀರಿನಿಂದ ತಣಿಯುತ್ತವೆ. ಕಾರಿನ ಎಂಜಿನ್ ಆಯಿಲ್ ಬೇಡ, ಅದರಲ್ಲಿನ ಸೇರ್ಪಡೆಗಳು ಸುಟ್ಟಾಗ ಬೂದಿ ಬಿಡುತ್ತವೆ. ಪೆಟ್ರೋಲ್‌ನಲ್ಲಿ ಎಥನಾಲ್ ಇದ್ದರೆ ಒಂದು ತಿಂಗಳಿಗೆ ಬೇಕಾದಷ್ಟೇ ಕಲಸಿ. ಎಥನಾಲ್ ತೇವ ಹೀರುತ್ತದೆ, ತೇವ ಜಾಸ್ತಿಯಾದರೆ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕ್ ತಳದಲ್ಲಿ ನಿಲ್ಲುತ್ತದೆ. ಆ ತಳದ ಪದರದಲ್ಲಿ ಆಯಿಲ್ ಇರುವುದಿಲ್ಲ, ಕಾರ್ಬುರೇಟರ್ ಮೊದಲು ಎಳೆಯುವುದು ಅದನ್ನೇ.

## ಸ್ಟಾರ್ಟ್ ಆಗದಿದ್ದರೆ

ಹಗ್ಗ ಎಳೆದೂ ಎಳೆದೂ ಸಾಕಾಯ್ತು. ಎಲ್ಲಿಂದ ಶುರು ಮಾಡ್ಲಿ?

ಪ್ಲಗ್ ಬಿಚ್ಚಿ ನೋಡಿ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ಜಾಸ್ತಿಯಾಗಿದೆ. ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಪ್ಲಗ್ಗನ್ನು ವೈರ್‌ಗೆ ಸಿಕ್ಕಿಸಿ ಅದರ ಮೈಯನ್ನು ಸಿಲಿಂಡರ್‌ನ ಬರಿಯ ಲೋಹಕ್ಕೆ ತಾಗಿಸಿ, ಪ್ಲಗ್ ತೂತಿನಿಂದ ದೂರ ಹಿಡಿದು ಹಗ್ಗ ಎಳೆಯಿರಿ. ದಪ್ಪ ನೀಲಿ ಕಿಡಿ ಚಟ್ ಅಂತ ಬರಬೇಕು.

ಕಿಡಿ ಇದೆ, ಪೆಟ್ರೋಲ್ ಇದೆ, ಆದರೂ ಇಲ್ಲ ಅಂದರೆ ಕಂಪ್ರೆಷನ್, ಅಂದರೆ ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ನೋಡಿ. ಪ್ಲಗ್ ತೂತಿಗೆ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು, ಹಗ್ಗವನ್ನು ಮುಳ್ಳು ಏರುವುದು ನಿಲ್ಲುವ ತನಕ ಎಳೆಯಿರಿ. ಈ ಸೈಜಿನ ಎಂಜಿನ್‌ಗಳಲ್ಲಿ 90ರಿಂದ 120 ಪಿಎಸ್‌ಐ (ಒತ್ತಡದ ಅಳತೆ) ಬಂದರೆ ಆರೋಗ್ಯ. 60ಕ್ಕಿಂತ ಕೆಳಗಿದ್ದರೆ ಸ್ಟಾರ್ಟ್ ಆಗುವುದು ಕಷ್ಟ. ಕೆಲವು ಹನಿ ಆಯಿಲ್ ಒಳಗೆ ಬಿಟ್ಟು ಮತ್ತೆ ನೋಡಿದಾಗ ಏರಿದರೆ ತೊಂದರೆ ಪಿಸ್ಟನ್ ಸುತ್ತಲಿನ ರಿಂಗ್‌ನಲ್ಲಿ ಅಥವಾ ಬೋರ್‌ನಲ್ಲಿದೆ. ಏರದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ಕಿಡಿ ಸ್ವಲ್ಪವೂ ಬರ್ತಿಲ್ಲ. ಕಾಯಿಲ್ ಹೋಗಿದೆ ಅಂತಾನಾ?

ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ವರೆಗೆ ಈಗಲೇ ಹೋಗಬೇಡಿ, ಇನ್ನೂ ಹಲವು ಮೆಟ್ಟಿಲುಗಳಿವೆ. ಮೊದಲು ಹೊಸ ಪ್ಲಗ್, ಸಂದು 0.6ರಿಂದ 0.7 ಮಿ.ಮೀ. ಆಮೇಲೆ ಎಂಜಿನ್ ಆಫ್ ಮಾಡುವ ವೈರ್ ಎಲ್ಲಾದರೂ ಸಿಪ್ಪೆ ಸುಲಿದು ಮೈಗೆ ತಾಗಿದೆಯಾ ನೋಡಿ. ಅದನ್ನು ಬಿಚ್ಚಿದ ಕೂಡಲೇ ಕಿಡಿ ಬಂದ ಮೋವರ್‌ಗಳು ಬೇಕಾದಷ್ಟಿವೆ.

ನಂತರ ಪಾಯಿಂಟ್. ಹಳೇ ಎಂಜಿನ್‌ಗಳಲ್ಲಿ ಇದು ಫ್ಲೈವೀಲ್ (ಕ್ರ್ಯಾಂಕ್ ತುದಿಯ ಭಾರದ ಚಕ್ರ) ಅಡಿಯಲ್ಲಿರುತ್ತದೆ. ತಿಂಗಳುಗಟ್ಟಲೆ ನಿಂತರೆ ಅದರ ಮುಖಗಳ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಕರೆಂಟ್ ದಾಟುವುದಿಲ್ಲ. ನುಣುಪಾದ ಎಮರಿ ಕಾಗದದಿಂದ ಒಂದೆರಡು ಸಲ ಎಳೆದು, ಸ್ಪಿರಿಟ್‌ನಲ್ಲಿ ಅದ್ದಿದ ಬಿಳಿ ಕಾಗದ ಎಳೆದು, ಕೊನೆಗೆ ಒಣ ಕಾಗದ ಎಳೆಯಿರಿ. ಎಮರಿಯ ಒಂದು ಕಣ ಉಳಿದರೂ ಮತ್ತೆ ಅದೇ ಕಥೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದು ಬಹುತೇಕ ಎಂಜಿನ್‌ಗಳಲ್ಲಿ 0.4ರಿಂದ 0.5 ಮಿ.ಮೀ. ಕಾಯಿಲ್‌ನ ಕಬ್ಬಿಣಕ್ಕೂ ಫ್ಲೈವೀಲ್‌ನ ಮ್ಯಾಗ್ನೆಟ್‌ಗೂ ನಡುವೆ 0.25ರಿಂದ 0.3 ಮಿ.ಮೀ. ಇರಲಿ. ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ಬೋಲ್ಟ್ ಬಿಗಿ ಮಾಡಿದರೂ ಸಾಕು.

ಕಂಡೆನ್ಸರ್, ಪಾಯಿಂಟ್, ಕಾಯಿಲ್ ಯಾವುದೂ ಎಲ್ಲೂ ಸಿಗ್ತಿಲ್ಲ. ಏನು ಮಾಡೋದು?

ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್‌ನದ್ದು ಸುಲಭ. ಈ ಮ್ಯಾಗ್ನೆಟೊಗಳಲ್ಲಿ (ಫ್ಲೈವೀಲ್‌ನ ಮ್ಯಾಗ್ನೆಟ್‌ನಿಂದ ಕಿಡಿ ಹುಟ್ಟಿಸುವ ವ್ಯವಸ್ಥೆ) ಅದರ ಅಳತೆ ಸಾಮಾನ್ಯವಾಗಿ 0.15ರಿಂದ 0.25 ಮೈಕ್ರೊಫ್ಯಾರಡ್ ಒಳಗೆ ಇರುತ್ತದೆ. ಪಾಯಿಂಟ್ ಇದ್ದ ಕಾಲದ ಯಾವುದೇ ಬೈಕಿನ ಕಂಡೆನ್ಸರ್ ಆ ಅಳತೆಯೊಳಗೆ ಬಂದರೆ ನಡೆಯುತ್ತದೆ. ಫ್ಲೈವೀಲ್ ಅಡಿ ಹಿಡಿಸದಿದ್ದರೆ ಹೊರಗೆ ತಂಪಾದ ಜಾಗದಲ್ಲಿ ಕೂರಿಸಿ, ಮೈಯನ್ನು ಗಟ್ಟಿಯಾಗಿ ಅರ್ತ್ ಮಾಡಿ.

ಪಾಯಿಂಟ್ ಸವೆದು ಹೋಗಿದ್ದರೆ ನನ್ನ ಸಲಹೆ ಒಂದು ಟ್ರಾನ್ಸಿಸ್ಟರ್ ಮಾಡ್ಯೂಲ್. ಸಣ್ಣ ಎಂಜಿನ್‌ಗಳಿಗೆ ಎಲ್ಲದಕ್ಕೂ ಹೊಂದುವಂತೆ ಮಾಡಿದ್ದು ಸಿಗುತ್ತದೆ. ಪಾಯಿಂಟ್, ಕಂಡೆನ್ಸರ್ ಎರಡರ ಕೆಲಸವನ್ನೂ ಅದು ಮಾಡುತ್ತದೆ, ಹಳೇ ಕಾಯಿಲ್ ಹಾಗೇ ಇರುತ್ತದೆ. ಪಾಯಿಂಟ್‌ಗೆ ಹೋಗುವ ವೈರ್ ಕತ್ತರಿಸಿ ಮಾಡ್ಯೂಲ್‌ಗೆ ಕೊಡಬೇಕು, ಇನ್ನೊಂದು ತುದಿ ಅರ್ತ್‌ಗೆ. ಕೆಲವಕ್ಕೆ ಮ್ಯಾಗ್ನೆಟ್‌ನ ಧ್ರುವ ಯಾವ ಕಡೆ ಅನ್ನುವುದು ಮುಖ್ಯ, ಕಿಡಿ ಬರದಿದ್ದರೆ ಅದನ್ನು ವಿಚಾರಿಸಿ.

ಕಾಯಿಲ್ ಸ್ವಲ್ಪ ತಲೆನೋವು. ಮಲ್ಟಿಮೀಟರ್‌ನಲ್ಲಿ ಅದರ ಎರಡು ತಂತಿ ಸುರುಳಿಗಳ ಪೈಕಿ ಪ್ರೈಮರಿ ಒಂದೆರಡು ಓಮ್ ಒಳಗೆ, ಸೆಕೆಂಡರಿ ಕೆಲವು ಸಾವಿರ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಒಳಗೆ ತಂತಿ ತುಂಡಾಗಿದೆ. ಬಿಸಾಡುವ ಮುಂಚೆ ಪ್ಲಗ್‌ಗೆ ಹೋಗುವ ಹೈ ಟೆನ್ಷನ್ ವೈರ್ ಕಾಯಿಲ್ ಸೇರುವ ಜಾಗ ನೋಡಿ, ಬಹಳ ಸಲ ಬಿಟ್ಟಿರುವುದು ಅಲ್ಲೇ. ಬೇರೆ ಎಂಜಿನ್‌ನ ಕಾಯಿಲ್ ಹಾಕುವುದಾದರೆ ಅದರ ಕಬ್ಬಿಣದ ಕಾಲುಗಳ ಅಂತರ ಮತ್ತು ಫ್ಲೈವೀಲ್‌ಗೆ ಹೊಂದುವ ಬಾಗು, ಇವೆರಡು ಕೂಡಬೇಕು. ಬೋಲ್ಟ್ ತೂತು ಕೂಡದಿದ್ದರೆ ಬ್ರ್ಯಾಕೆಟ್ ಮಾಡಿಕೊಳ್ಳಬಹುದು. ಕಾಯಿಲ್ ರಿವೈಂಡ್ ಮಾಡುವವರೂ ಇದ್ದಾರೆ. ಅದಕ್ಕೇ ಸುಟ್ಟ ಕಾಯಿಲನ್ನೂ ಎಸೆಯಬೇಡಿ, ರಿವೈಂಡ್ ಮಾಡಲು ಆ ಹಳೇ ಕಬ್ಬಿಣವೇ ಬೇಕು.

ಹತ್ತು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತೆ. ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆಗುತ್ತೆ. ಯಾಕೆ ಹೀಗೆ?

ಎರಡು ಕಾರಣ, ಎರಡೂ ಒಂದೇ ಥರ ಕಾಣುತ್ತವೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದ್ದರೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಕಾಯಿಲ್ ಒಳಗೆ ಬಿರುಕು ಬಿಟ್ಟಿದ್ದರೆ ಕಾವಿಗೆ ತಂತಿ ಬೇರ್ಪಟ್ಟು ಕಿಡಿ ನಿಲ್ಲುತ್ತದೆ. ನಿಂತ ಕೂಡಲೇ, ತಣಿಯುವ ಮುಂಚೆಯೇ ಕಿಡಿ ಪರೀಕ್ಷೆ ಮಾಡಿ. ಕಿಡಿ ಇದ್ದರೆ ಮುಚ್ಚಳ ಸಡಿಲಿಸಿ ಮತ್ತೆ ಎಳೆಯಿರಿ. ಮುಚ್ಚಳ ತೆರೆದಾಗ ಉಸ್ ಅಂತ ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕ.

ಕಾರ್ಬುರೇಟರ್ ಕಿಟ್ ಬರೋದೇ ನಿಂತಿದೆ. ಡಯಾಫ್ರಮ್, ಫ್ಲೋಟ್‌ಗೆ ಏನು ದಾರಿ?

ಮೊದಲು ಪೂರ್ತಿ ಬಿಚ್ಚಿ ತೊಳೆಯಿರಿ. ಜೆಟ್ ತೂತಿಗೆ ಉಕ್ಕಿನ ತಂತಿಯನ್ನಾಗಲಿ ಡ್ರಿಲ್ ಬಿಟ್ಟನ್ನಾಗಲಿ ಹಾಕಬೇಡಿ. ವೈರ್ ಒಳಗಿನ ತಾಮ್ರದ ಒಂದೇ ಎಳೆ ಸಾಕು. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಎಂಜಿನ್ ಹೊಗೆ ಕಾರುತ್ತದೆ, ಆ ಜೆಟ್ ಮತ್ತೆ ಸಿಗುವುದಿಲ್ಲ.

ಪೆಟ್ರೋಲ್ ಮಟ್ಟ ಕಾಯಲು ತೇಲುವ ಹಿತ್ತಾಳೆ ಫ್ಲೋಟ್ ಒಳಗೆ ಪೆಟ್ರೋಲ್ ತುಂಬಿದೆಯಾ ಅಂತ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ. ತುಂಬಿದ್ದರೆ ಬಿಸಿ ನೀರಲ್ಲಿ ಮುಳುಗಿಸಿ, ಗುಳ್ಳೆ ಏಳುವ ಜಾಗವೇ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಆರಿದೆ ಅಂತ ಖಾತ್ರಿಯಾದ ಮೇಲೆ ಬೆಸುಗೆ ಹಾಕಿ. ಆದಷ್ಟು ಕಡಿಮೆ ಸೀಸ ಬಳಸಿ, ತೂಕ ಏರಿದರೆ ಪೆಟ್ರೋಲ್ ಮಟ್ಟವೂ ಏರುತ್ತದೆ. ಕಾರ್ಕ್ ಫ್ಲೋಟ್‌ಗಳ ತೊಂದರೆ ಬೇರೆ. ಅವಕ್ಕೆ ಹಿಂದೆ ಅರಗಿನ ವಾರ್ನಿಷ್ ಬಳಿಯುತ್ತಿದ್ದರು, ಎಥನಾಲ್ ಅದನ್ನು ಕರಗಿಸುತ್ತದೆ. ಹಳೇ ಪದರ ಕೆರೆದು, ಚೆನ್ನಾಗಿ ಒಣಗಿಸಿ, ಎಥನಾಲ್ ತಡೆಯುವ ಪೆಟ್ರೋಲ್ ಟ್ಯಾಂಕ್ ಸೀಲರ್ ಅನ್ನು ತೆಳ್ಳಗೆ ಹಚ್ಚಿ.

ಡಯಾಫ್ರಮ್ ಅನ್ನುವ ತೆಳ್ಳನೆಯ ಪೊರೆ ಬಟ್ಟೆಯ ಹಾಗೆ ಮೆತ್ತಗಿರಬೇಕು. ಮಡಚಿದಾಗ ಕಾಗದದ ಹಾಗೆ ಸದ್ದು ಮಾಡಿದರೆ ಅದರ ಆಯುಸ್ಸು ಮುಗಿದಿದೆ. ವಾಲ್‌ಬ್ರೋ, ಟಿಲ್ಲಟ್‌ಸನ್, ಝಾಮಾ ಕಾರ್ಬುರೇಟರ್‌ಗಳ ಕಿಟ್‌ಗಳು ಈಗಲೂ ಬರುತ್ತವೆ. ಅವುಗಳ ಡಯಾಫ್ರಮ್‌ನ ವ್ಯಾಸ, ಸ್ಕ್ರೂ ತೂತುಗಳ ಜೋಡಣೆ, ನಡುವಿನ ಗುಂಡಿಯ ಎತ್ತರ ನಿಮ್ಮದಕ್ಕೆ ಹೋಲಿಸಿ. ಯಾವುದೂ ಕೂಡದಿದ್ದರೆ ಇಡೀ ಕಾರ್ಬುರೇಟರ್ ಬದಲಿಸಿ. ಗಂಟಲಿನ ವ್ಯಾಸ ಹಳೆಯದರಷ್ಟೇ ಇರಲಿ, ನಡುವೆ ಅಲ್ಯೂಮಿನಿಯಂ ಹಲಗೆಯ ಅಡಾಪ್ಟರ್ ಇರಲಿ. ಪಂಪ್ ಇರುವ ಡಯಾಫ್ರಮ್ ಕಾರ್ಬುರೇಟರ್ ಆದರೆ ಕ್ರ್ಯಾಂಕ್‌ಕೇಸ್‌ನ ಒತ್ತಡ ಅದಕ್ಕೆ ತಲುಪುವ ಸಣ್ಣ ದಾರಿಯೂ ಬೇಕು. ಅದನ್ನು ಮರೆತರೆ ಪೆಟ್ರೋಲ್ ಮೇಲೆ ಬರುವುದೇ ಇಲ್ಲ.

ಕಲ್ಲಿಗೆ ಬ್ಲೇಡ್ ಹೊಡೆದ ಮೇಲೆ ಹಗ್ಗ ಕೈಯಿಂದ ಕಿತ್ತುಕೊಂಡು ಹೋಗುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ.

ಫ್ಲೈವೀಲ್‌ನ ಕೀ (ಕ್ರ್ಯಾಂಕ್ ಮೇಲೆ ಅದರ ಜಾಗ ಹೊಂದಿಸುವ ಲೋಹದ ತುಂಡು) ಮುರಿದು ಟೈಮಿಂಗ್, ಅಂದರೆ ಕಿಡಿ ಬರುವ ಹೊತ್ತು, ಜಾರಿದೆ. ಫ್ಲೈವೀಲ್ ನಟ್ ಬಿಚ್ಚಲು ಎಂಜಿನ್ ತಿರುಗದಂತೆ ಹಿಡಿಯಬೇಕು. ಅದಕ್ಕೆ ಪ್ಲಗ್ ತೂತಿನಿಂದ ಹತ್ತಿ ಹಗ್ಗವನ್ನು ಒಳಗೆ ತುರುಕಿ. ಆದರೆ ಪಿಸ್ಟನ್ ಎಕ್ಸಾಸ್ಟ್ ಕಿಂಡಿಯನ್ನು ಮುಚ್ಚಿ ಮೇಲೆ ಬಂದ ಮೇಲೆ ತುರುಕಬೇಕು. ಇಲ್ಲದಿದ್ದರೆ ಹಗ್ಗ ಕಿಂಡಿಯ ಅಂಚಿಗೆ ಸಿಕ್ಕಿ ರಿಂಗ್ ಮುರಿಯುತ್ತದೆ. ಫ್ಲೈವೀಲ್ ತೆಗೆಯಲು ಪುಲ್ಲರ್ ಬಳಸಿ. ಕ್ರ್ಯಾಂಕ್ ತುದಿಗೆ ಸುತ್ತಿಗೆ ಏಟು ಬೇಡ.

ನಿಜವಾಗಿ ಫ್ಲೈವೀಲನ್ನು ಹಿಡಿದಿಡುವುದು ಕೀ ಅಲ್ಲ, ಟೇಪರ್, ಅಂದರೆ ಎರಡೂ ಸೇರುವ ಇಳಿಜಾರು ಮುಖ. ಕೀ ಬರೀ ಜಾಗ ತೋರಿಸುತ್ತದೆ. ಟೇಪರ್ ಎರಡೂ ಕಡೆ ಜಿಡ್ಡಿಲ್ಲದೆ ಒಣಗಿರಬೇಕು. ಹೊಸ ಕೀಯನ್ನು ಹಳೆಯದರಷ್ಟೇ ಮೃದುವಾದ ಲೋಹದಲ್ಲಿ ಅರದಿಂದ ಉಜ್ಜಿ ಮಾಡಿಕೊಳ್ಳಬಹುದು. ಗಟ್ಟಿ ಉಕ್ಕು ಹಾಕಿದರೆ ಮುಂದಿನ ಸಲ ಕೀ ಬದಲು ಕ್ರ್ಯಾಂಕ್‌ನಲ್ಲಿ ಅದು ಕೂರುವ ತೋಡೇ ಸೀಳುತ್ತದೆ.

## ಓಡುತ್ತದೆ, ಆದರೆ ಸರಿಯಿಲ್ಲ

ಬಿಸಿಯಾದ ಮೇಲೆ ತಾನಾಗೇ ರೇಸ್ ಆಗುತ್ತೆ, ಥ್ರಾಟಲ್ ಇಳಿಸಿದ್ರೂ ಇಳಿಯಲ್ಲ. ಕಾರ್ಬುರೇಟರ್ ಎಷ್ಟು ಸಲ ಬಿಚ್ಚಿದ್ರೂ ಹಾಗೇ.

ಹಾಗಾದರೆ ಕಾರ್ಬುರೇಟರ್ ಬಿಡಿ. ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿದೆ. ಇಡೀ ಪುಟದಲ್ಲಿ ನಿಧಾನವಾಗಿ ಓದಬೇಕಾದ ಉತ್ತರ ಇದು, ಯಾಕೆಂದರೆ ಹಳೇ ಟೂ ಸ್ಟ್ರೋಕ್ ಸಾಯುವುದು ಹೆಚ್ಚಾಗಿ ಹೀಗೇ.

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ ಬರೀ ಡಬ್ಬಿ ಅಲ್ಲ, ಅದೊಂದು ಪಂಪ್. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್-ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೆಳಗೆ ಬಂದಾಗ ಮೇಲಕ್ಕೆ ದೂಡುತ್ತದೆ. ಕ್ರ್ಯಾಂಕ್ ಹೊರಬರುವ ಕಡೆಯ ರಬ್ಬರ್ ಸೀಲ್ ಸೋರಿದರೆ ಬರೀ ಗಾಳಿ ಒಳಗೆ ಬರುತ್ತದೆ. ಗಾಳಿ ಜಾಸ್ತಿ ಆಯಿತು ಅಂದರೆ ಪೆಟ್ರೋಲ್ ಕಡಿಮೆ ಆಯಿತು, ಪೆಟ್ರೋಲ್ ಜೊತೆ ಬರುವ ಆಯಿಲೂ ಕಡಿಮೆ ಆಯಿತು. ಕಾವು ಏರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ರೇಸ್ ಆಗುವ ಮೋವರ್‌ನಲ್ಲಿ ಹುಲ್ಲು ಕತ್ತರಿಸುತ್ತಾ ಹೋಗಬೇಡಿ.

ಪರೀಕ್ಷೆ ಹೀಗೆ. ಸೈಲೆನ್ಸರ್, ಕಾರ್ಬುರೇಟರ್ ಬಿಚ್ಚಿ. ಆ ಎರಡೂ ಬಾಯಿಗೆ ರಬ್ಬರ್ ತುಂಡು ಇಟ್ಟು, ಮೇಲೊಂದು ತಗಡಿನ ಪಟ್ಟಿ ಇಟ್ಟು ಬಿಗಿ ಮಾಡಿ. ಪಿಸ್ಟನ್ ಕೆಳಗೆ ಇಡಿ, ಆಗ ಸಿಲಿಂಡರ್‌ಗೂ ಕ್ರ್ಯಾಂಕ್‌ಕೇಸ್‌ಗೂ ದಾರಿ ತೆರೆದಿರುತ್ತದೆ. ಪ್ಲಗ್ ತೂತಿಗೆ ಅಡಾಪ್ಟರ್ ಹಾಕಿ, ಗೇಜ್ ಇರುವ ಕೈ ಪಂಪ್‌ನಿಂದ 5ರಿಂದ 7 ಪಿಎಸ್‌ಐ ತುಂಬಿ. ಕಂಪ್ರೆಸರ್ ಬೇಡ, ಅದರ ಒತ್ತಡಕ್ಕೆ ಒಳ್ಳೇ ಸೀಲೂ ಹಾರಿಹೋಗುತ್ತದೆ. ಮುಳ್ಳು ಕೆಲವು ನಿಮಿಷ ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚುತ್ತಾ ಬನ್ನಿ: ಫ್ಲೈವೀಲ್ ಕಡೆಯ ಸೀಲ್, ಬ್ಲೇಡ್ ಕಡೆಯ ಸೀಲ್, ಸಿಲಿಂಡರ್ ಬುಡ, ಕ್ರ್ಯಾಂಕ್‌ಕೇಸ್ ಸೇರುವ ಗೆರೆ. ಗುಳ್ಳೆ ಬಂದಲ್ಲಿ ಸೋರಿಕೆ. ಕೆಲವು ಸೀಲ್‌ಗಳು ಒತ್ತಡಕ್ಕೆ ಬಾಯಿ ಮುಚ್ಚಿ, ಎಳೆತಕ್ಕೆ ತೆರೆದುಕೊಳ್ಳುತ್ತವೆ. ಅದಕ್ಕೆ ನಿರ್ವಾತ ಪಂಪ್ ಸಿಕ್ಕರೆ ಎಳೆದೂ ನೋಡಿ.

ರೇಸ್ ಆಗಲು ಇನ್ನೊಂದು ಸರಳ ಕಾರಣ ವೇಗವನ್ನು ಮಿತಿಯಲ್ಲಿಡುವ ಗವರ್ನರ್. ಫ್ಲೈವೀಲ್‌ನ ಗಾಳಿಗೆ ಸರಿದಾಡುವ ಹಲಗೆ ಹುಲ್ಲಿನ ಕಸಕ್ಕೆ ಸಿಕ್ಕಿಕೊಂಡಿದೆಯಾ ನೋಡಿ. ಅದನ್ನು ಕಟ್ಟಿಹಾಕಿ ಓಡಿಸುವುದು ಮಾತ್ರ ಯಾವತ್ತೂ ಬೇಡ.

ಮೊದಲಿನ ಹಾಗೆ ಶಕ್ತಿನೇ ಇಲ್ಲ, ದಪ್ಪ ಹುಲ್ಲಿಗೆ ಬಂದ್ರೆ ನಿಂತೇ ಹೋಗುತ್ತೆ.

ಸೈಲೆನ್ಸರ್ ತೆಗೆದು ಎಕ್ಸಾಸ್ಟ್ ಕಿಂಡಿ ನೋಡಿ. ಮಸಿ ಕಟ್ಟಿ ಕಿಂಡಿ ಅರ್ಧ ಮುಚ್ಚಿರುವುದು ಸಾಮಾನ್ಯ. ಪಿಸ್ಟನ್ನನ್ನು ಕಿಂಡಿ ಮುಚ್ಚುವ ಜಾಗಕ್ಕೆ ತಂದು, ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ ಮೇಲೆ ಗೀರು ಬೀಳುತ್ತದೆ. ಉದುರಿದ ಮಸಿಯನ್ನು ಊದಿ ತೆಗೆಯಿರಿ. ಇದಕ್ಕೆ ಬಿಡಿಭಾಗ ಬೇಡ, ಕಾಸೂ ಬೇಡ. ಶಕ್ತಿ ಮಾತ್ರ ಹೊಸದರ ಹಾಗೆ ವಾಪಸ್ ಬರುತ್ತದೆ. ಕೂಲಿಂಗ್ ಫಿನ್‌ಗಳ ನಡುವಿನ ಒಣಹುಲ್ಲನ್ನೂ ಅವತ್ತೇ ತೆಗೆದುಬಿಡಿ.

ಹೊಗೆ ಜಾಸ್ತಿ ಬರ್ತಿದೆ, ರಿಂಗ್ ಹೋಗಿದೆಯಾ?

ಅದು ಫೋರ್ ಸ್ಟ್ರೋಕ್‌ನ ಲೆಕ್ಕ. ಇಲ್ಲಿ ಆಯಿಲ್ ಸುಡಲೆಂದೇ ಹಾಕುವುದು. ಹೊಗೆ ಜಾಸ್ತಿ ಅಂದರೆ ಆಯಿಲ್ ಪ್ರಮಾಣ, ಅಂಟಿಕೊಂಡ ಚೋಕ್, ಕೊಳೆಯಾದ ಏರ್ ಫಿಲ್ಟರ್, ಈ ಮೂರನ್ನು ನೋಡಿ.

ಬ್ಲೇಡ್ ಸಿಗ್ತಿಲ್ಲ. ಬೇರೆ ಯಾವುದಾದರೂ ಪಟ್ಟಿ ಕತ್ತರಿಸಿ ಹಾಕಬಹುದಾ?

ಬೇಡ. 46 ಸೆಂ.ಮೀ. ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ 72 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ ಸುಮಾರು 260 ಕಿ.ಮೀ. ಆ ವೇಗದಲ್ಲಿ ಮುರಿದ ತುಂಡು ಯಾರ ಕಾಲಿಗೆ ಬೀಳುತ್ತದೋ ಗೊತ್ತಿಲ್ಲ. ಎಷ್ಟೇ ಕೊರತೆ ಇದ್ದರೂ ಬ್ಲೇಡ್, ಅದರ ಬೋಲ್ಟ್, ಅದರ ಹಿಡಿಕೆ ಇವುಗಳಲ್ಲಿ ಜುಗಾಡ್ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವೆಲ್ಡಿಂಗ್ ಬೇಡ, ಬಾಗಿದ್ದನ್ನು ನೆಟ್ಟಗೆ ಮಾಡುವುದೂ ಬೇಡ. ಉದ್ದ, ನಡುವಿನ ತೂತು, ದಪ್ಪ ಮೂರೂ ಕೂಡುವ ಮೋವರ್ ಬ್ಲೇಡನ್ನೇ ಹುಡುಕಿ. ಸಾಣೆ ಹಿಡಿದ ಮೇಲೆ ಮೊಳೆಗೆ ನೇತುಹಾಕಿ ಎರಡೂ ಕಡೆ ಸಮ ತೂಗುತ್ತದಾ ನೋಡಿ.

ಬ್ಲೇಡ್ ಸರಿ ಇದ್ದೂ ಮಿಷನ್ ನಡುಗಿದರೆ ಕ್ರ್ಯಾಂಕ್ ಬಾಗಿರಬಹುದು. ಪ್ಲಗ್ ತೆಗೆದು, ಕ್ರ್ಯಾಂಕ್ ತುದಿಯ ಹತ್ತಿರ ಒಂದು ಕಡ್ಡಿಯನ್ನು ಅಲ್ಲಾಡದಂತೆ ನಿಲ್ಲಿಸಿ ನಿಧಾನ ತಿರುಗಿಸಿ. ಸಂದು ಹೆಚ್ಚು ಕಡಿಮೆ ಆಗುತ್ತಿದ್ದರೆ ಬಾಗಿದೆ ಅಂತಲೇ. ಅದನ್ನೂ ಬಡಿದು ನೇರ ಮಾಡಬೇಡಿ. ಒಳಗೆ ಬಿರುಕು ಬಿಟ್ಟು ಆಮೇಲೆ ಮುರಿಯುತ್ತದೆ.

ಹಗ್ಗ ಎಳೆದ ಮೇಲೆ ವಾಪಸ್ ಸುತ್ತಿಕೊಳ್ಳೋದೇ ಇಲ್ಲ. ಸ್ಪ್ರಿಂಗ್ ಎಲ್ಲಿ ಹುಡುಕೋದು?

ಹುಡುಕುವ ಮುಂಚೆ ಬಿಚ್ಚಿ ನೋಡಿ. ಮುರಿದಿರುವುದು ಬಹುಶಃ ತುದಿಯ ಕೊಕ್ಕೆ ಮಾತ್ರ. ತುದಿಯ ಎರಡು ಸೆಂ.ಮೀ. ಮಾತ್ರ ಕೆಂಪಗೆ ಕಾಯಿಸಿ, ತಾನಾಗಿ ತಣಿಯಲು ಬಿಟ್ಟು, ಹೊಸ ಕೊಕ್ಕೆ ಬಗ್ಗಿಸಿ. ಉಳಿದ ಸ್ಪ್ರಿಂಗ್‌ಗೆ ಕಾವು ತಾಗಬಾರದು. ಸ್ಪ್ರಿಂಗ್ ತೆಗೆಯುವಾಗ ಕೈಗವಸು, ಕನ್ನಡಕ ಎರಡೂ ಇರಲಿ.

## ಎಂಜಿನ್ ಬಿಚ್ಚುವವರಿಗೆ

ವರ್ಷಗಟ್ಟಲೆ ಮೂಲೆಲಿ ಬಿದ್ದು ಎಂಜಿನ್ ಜಾಮ್ ಆಗಿದೆ. ಬಿಡಿಸೋದು ಹೇಗೆ?

ತಾಳ್ಮೆಯಿಂದ. ಪ್ಲಗ್ ತೂತಿನಿಂದಲೂ ಎಕ್ಸಾಸ್ಟ್ ಕಿಂಡಿಯಿಂದಲೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕೆಲವು ದಿನ ಬಿಡಿ. ದಿನಾ ಸ್ವಲ್ಪ ಹಾಕಿ, ಕ್ರ್ಯಾಂಕನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದ ಹಾಗೆ. ಪಿಸ್ಟನ್ ತಲೆಗೆ ಮರದ ಕಡ್ಡಿ ಇಟ್ಟು ಬಡಿಯುವುದು ಹೆಡ್ ತೆಗೆದ ಮೇಲಿನ ಕೊನೆಯ ದಾರಿ. ಬಿಟ್ಟ ಕೂಡಲೇ ಸ್ಟಾರ್ಟ್ ಮಾಡಬೇಡಿ, ಸಿಲಿಂಡರ್ ತೆಗೆದು ತುಕ್ಕಿನ ಗುಳಿ, ಅಂಟಿದ ರಿಂಗ್ ನೋಡಿಕೊಳ್ಳಿ.

ಕ್ರ್ಯಾಂಕ್ ಸೀಲ್, ಬೇರಿಂಗ್ ಕಂಪನಿಯವರ ಹತ್ತಿರ ಇಲ್ಲ ಅಂದ್ರು. ಮುಗೀತಾ?

ಇಲ್ಲಿಯೇ ಅಳತೆಯ ಮಾತು ಕೆಲಸಕ್ಕೆ ಬರುವುದು. ಹಳೇ ಸೀಲ್ ಮುಖ ಒರೆಸಿದರೆ 20×35×7 ಅನ್ನುವಂಥ ಬರಹ ಇರುತ್ತದೆ. ಒಳ ವ್ಯಾಸ 20, ಹೊರ ವ್ಯಾಸ 35, ದಪ್ಪ 7 ಮಿ.ಮೀ. ಬರಹ ಇಲ್ಲದಿದ್ದರೆ ವರ್ನಿಯರ್‌ನಿಂದ ಕ್ರ್ಯಾಂಕ್ ಮತ್ತು ಸೀಲ್ ಕೂರುವ ಗುಳಿ ಅಳೆಯಿರಿ. ಬೇರಿಂಗ್ ಮೇಲೂ ನಂಬರ್ ಇರುತ್ತದೆ. 6203 ಅಂದರೆ 17×40×12, 6204 ಅಂದರೆ 20×47×14, 6205 ಅಂದರೆ 25×52×15. ಈ ನಂಬರ್ ಜಗತ್ತಿನ ಎಲ್ಲ ಕಡೆ ಒಂದೇ. ಬೇರಿಂಗ್ ಮಾರುವವರಿಗೆ ಇದು ಮೋವರ್‌ಗೋ ಫ್ಯಾನ್‌ಗೋ ಅನ್ನುವುದು ಬೇಕಾಗಿಲ್ಲ.

ಎಂಜಿನ್ ಒಳಗೆ ಹೋಗುವ ಬೇರಿಂಗ್ ತೆರೆದದ್ದೇ ಇರಲಿ, ಅದಕ್ಕೆ ಆಯಿಲ್ ಸಿಗುವುದು ಪೆಟ್ರೋಲ್‌ನಿಂದ. ಸಿ3 ಅಂತ ಗುರುತಿದ್ದರೆ ಕಾವಿಗೆ ಹಿಗ್ಗಲು ಜಾಗ ಇರುವ ಬೇರಿಂಗ್, ಹಳೆಯದರಲ್ಲಿ ಆ ಗುರುತಿದ್ದರೆ ಹೊಸದರಲ್ಲೂ ಇರಲಿ. ಸೀಲ್‌ನ ಸ್ಪ್ರಿಂಗ್ ಇರುವ ಮುಖ ಒಳಗಡೆ. ಕ್ರ್ಯಾಂಕ್ ಮೇಲೆ ಹಳೇ ಸೀಲ್ ಗೆರೆ ಕೊರೆದಿದ್ದರೆ ಹೊಸದನ್ನು ಒಂದೆರಡು ಮಿ.ಮೀ. ಆಚೀಚೆ ಕೂರಿಸಿ, ತುಟಿ ಹೊಸ ಜಾಗದಲ್ಲಿ ಬೀಳಲಿ. ಎಷ್ಟೋ ವರ್ಷದಿಂದ ಡಬ್ಬಿಯಲ್ಲೇ ಇದ್ದ 'ಒರಿಜಿನಲ್' ಸೀಲ್‌ಗಿಂತ ಈಚೆಗೆ ಮಾಡಿದ ಸಾಮಾನ್ಯ ಸೀಲ್ ಮೇಲು. ರಬ್ಬರ್‌ಗೆ ಡಬ್ಬಿಯಲ್ಲಿದ್ದರೂ ವಯಸ್ಸಾಗುತ್ತದೆ.

ಬೈಕ್ ಪಿಸ್ಟನ್ ರಿಂಗ್ ಹಾಕಬಹುದು ಅಂತಾರೆ. ನಿಜಾನಾ?

ನಿಜ, ಷರತ್ತುಗಳಿವೆ. ಬೋರ್ ವ್ಯಾಸ, ರಿಂಗ್‌ನ ದಪ್ಪ, ಒಳಮುಖದ ಅಗಲ ಮೂರೂ ಕೂಡಬೇಕು. ಟೂ ಸ್ಟ್ರೋಕ್ ಪಿಸ್ಟನ್‌ನಲ್ಲಿ ರಿಂಗ್ ಕೂರುವ ತೋಡಿನಲ್ಲಿ ಸಣ್ಣ ಪಿನ್ ಇರುತ್ತದೆ, ರಿಂಗ್ ಬಾಯಿ ಕಿಂಡಿಗೆ ಸಿಕ್ಕದಂತೆ ಅದು ತಡೆಯುತ್ತದೆ. ಹೊಸ ರಿಂಗ್‌ನ ತುದಿಯ ಆಕಾರ ಆ ಪಿನ್ನಿಗೆ ಹೊಂದಬೇಕು, ಹೊಂದದಿದ್ದರೆ ಸಣ್ಣ ಅರದಿಂದ ಉಜ್ಜಿ ಹೊಂದಿಸಿ. ರಿಂಗನ್ನು ಬೋರ್ ಒಳಗೆ ಇಟ್ಟು ಪಿಸ್ಟನ್‌ನಿಂದ ನೇರಕ್ಕೆ ತಳ್ಳಿ ಬಾಯಿಯ ಸಂದು ಅಳೆಯಿರಿ. 55 ಮಿ.ಮೀ. ಬೋರ್‌ಗೆ ಸುಮಾರು 0.2 ಮಿ.ಮೀ. ಸರಿ.

ಇಡೀ ಪಿಸ್ಟನ್ ಬದಲಿಸುವುದಾದರೆ ಬೋರ್ ಮಾತ್ರ ನೋಡಿ ತರಬೇಡಿ. ಪಿನ್‌ನ ದಪ್ಪ, ಪಿನ್‌ನಿಂದ ತಲೆಗಿರುವ ಎತ್ತರ, ಪಕ್ಕದ ಕಿಂಡಿಗಳ ಜಾಗ ಎಲ್ಲವೂ ಲೆಕ್ಕಕ್ಕಿದೆ. ಬೋರ್ ಒಳಗೆ ಮ್ಯಾಗ್ನೆಟ್ ಗಟ್ಟಿಯಾಗಿ ಅಂಟಿದರೆ ಕಬ್ಬಿಣದ ಲೈನರ್, ದೊಡ್ಡ ಸೈಜಿಗೆ ಬೋರ್ ಮಾಡಿಸಬಹುದು. ಕ್ರೋಮ್ ಲೇಪದ ಅಲ್ಯೂಮಿನಿಯಂ ಆದರೆ ಆಗುವುದಿಲ್ಲ.

ಗ್ಯಾಸ್ಕೆಟ್ ಬದಲು ಸಿಲಿಕಾನ್ ಹಚ್ಚಿದರೆ ಆಗಲ್ವಾ?

ಸಾಮಾನ್ಯ ಸಿಲಿಕಾನ್ ಪೆಟ್ರೋಲ್‌ಗೆ ಉಬ್ಬಿ ಕಳಚಿಕೊಳ್ಳುತ್ತದೆ. ಅದರ ತುಂಡು ಕಾರ್ಬುರೇಟರ್‌ಗೆ ಹೋದರೆ ಇನ್ನೊಂದು ಕೆಲಸ. ಗ್ಯಾಸ್ಕೆಟ್ ಕಾಗದ ತಂದು ಕತ್ತರಿಸಿ. ಸಿಲಿಂಡರ್ ಬುಡದ್ದು ಹಳೆಯದರಷ್ಟೇ ದಪ್ಪ ಇರಲಿ, ಹೆಚ್ಚು ಕಡಿಮೆ ಆದರೆ ಕಿಂಡಿಗಳು ತೆರೆಯುವ ಹೊತ್ತೇ ಬದಲಾಗುತ್ತದೆ. ಹೆಡ್‌ಗೆ ತಾಮ್ರದ ತಗಡು ಚೆನ್ನ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಹಳೇ ತಾಮ್ರದ ಗ್ಯಾಸ್ಕೆಟನ್ನೂ ಹೀಗೆ ಮತ್ತೆ ಬಳಸಬಹುದು.

ರೀಡ್ ವಾಲ್ವ್ ಎಲೆ ಸೀಳಿದೆ, ಮನೇಲೇ ಮಾಡ್ಕೋಬಹುದಾ?

ಮಾಡಬಹುದು. ಇದು ಕೆಲವು ಎಂಜಿನ್‌ಗಳಲ್ಲಿ ಪೆಟ್ರೋಲ್-ಗಾಳಿಯನ್ನು ಕ್ರ್ಯಾಂಕ್‌ಕೇಸ್ ಒಳಗೆ ಬಿಟ್ಟು ವಾಪಸ್ ಹೋಗದಂತೆ ತಡೆಯುವ ತೆಳ್ಳನೆಯ ಎಲೆ. ಹಳೆಯದರ ದಪ್ಪ ಮೈಕ್ರೊಮೀಟರ್‌ನಿಂದ ಅಳೆದು, ಅಷ್ಟೇ ದಪ್ಪದ ಸ್ಪ್ರಿಂಗ್ ಉಕ್ಕಿನ ಶಿಮ್ ಹಾಳೆಯಲ್ಲಿ ಕತ್ತರಿಸಿ. ಅಂಚನ್ನು ನುಣುಪು ಕಲ್ಲಿಗೆ ಉಜ್ಜಿ, ಸಣ್ಣ ಗೀರಿದ್ದರೂ ಅಲ್ಲಿಂದಲೇ ಸೀಳುತ್ತದೆ. ಬೆಳಕಿಗೆ ಹಿಡಿದಾಗ ಎಲೆಗೂ ಅದರ ಪೀಠಕ್ಕೂ ನಡುವೆ ಬೆಳಕು ಇಣುಕಬಾರದು. ಮುರಿದ ತುಂಡು ಎಲ್ಲಿ ಹೋಯಿತು ಅಂತ ಹುಡುಕಿ, ಕ್ರ್ಯಾಂಕ್‌ಕೇಸ್ ಒಳಗೇ ಇರಬಹುದು.

ಅದೇ ಮಾಡೆಲ್‌ನ ಕೆಟ್ಟ ಮಿಷನ್ ಒಂದು ಸಿಗ್ತಿದೆ. ತಗೊಳ್ಲಾ?

ತೆಗೆದುಕೊಳ್ಳಿ. ಕನೆಕ್ಟಿಂಗ್ ರಾಡ್, ಕ್ರ್ಯಾಂಕ್, ಫ್ಲೈವೀಲ್, ಗವರ್ನರ್ ಹಲಗೆ ಇಂಥವು ಅಳತೆ ಕೊಟ್ಟು ಬೇರೆ ಕಡೆ ಸಿಗುವುದಿಲ್ಲ, ಅವು ಬರುವುದು ಹೀಗೇ. ಎರಡರಲ್ಲಿ ಯಾವುದನ್ನು ಉಳಿಸಬೇಕು ಅಂತ ರಾಡ್ ನೋಡಿ ನಿರ್ಧರಿಸಿ. ಪಿಸ್ಟನ್ ಮೇಲಿದ್ದಾಗ ಅದನ್ನು ಒತ್ತಿ ಎತ್ತಿ ಮಾಡಿದರೆ ಟಕ್ ಅಂತ ಆಟ ಗೊತ್ತಾಗಬಾರದು. ಬಿಗ್ ಎಂಡ್‌ನಲ್ಲಿ (ರಾಡ್‌ನ ಕ್ರ್ಯಾಂಕ್ ಕಡೆಯ ತುದಿ) ಅಕ್ಕಪಕ್ಕ ಸ್ವಲ್ಪ ಸರಿದರೆ ಪರವಾಗಿಲ್ಲ. ಕ್ರ್ಯಾಂಕ್‌ಕೇಸ್ ಬಿರುಕು ಬಿಟ್ಟಿದ್ದರೆ ಅಥವಾ ಎಂಜಿನ್ ಕೂರುವ ಜಾಗದಲ್ಲೇ ಡೆಕ್ (ಬ್ಲೇಡ್ ಮುಚ್ಚುವ ಮೈ) ತುಕ್ಕು ತಿಂದಿದ್ದರೆ ಆ ಮಿಷನ್ನನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ.

ಎಲ್ಲಾ ಜೋಡಿಸಿದೆ. ಮೊದಲ ಸಲ ಓಡಿಸುವಾಗ ಏನು ನೋಡ್ಬೇಕು?

ಜೋಡಿಸಿದ ಕೂಡಲೇ, ಪೆಟ್ರೋಲ್ ಹಾಕುವ ಮುಂಚೆ, ಮೇಲೆ ಹೇಳಿದ ಗಾಳಿ ಪರೀಕ್ಷೆ ಇನ್ನೊಮ್ಮೆ ಮಾಡಿ. ಬೋರ್‌ಗೆ, ಬೇರಿಂಗ್‌ಗೆ ಸ್ವಲ್ಪ ಆಯಿಲ್ ಬಿಟ್ಟು ಹಗ್ಗವನ್ನು ನಿಧಾನ ಎಳೆದು ಆಡಿಸಿ. ಕೆಲವು ನಿಮಿಷ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೆ ಓಡಿಸಿ. ಮೊದಲ ಟ್ಯಾಂಕ್ ಮುಗಿಯುವ ತನಕ ದಪ್ಪ ಹುಲ್ಲಿಗೆ ಹೋಗಬೇಡಿ. ತಣ್ಣಗಾದ ಮೇಲೆ ಹೆಡ್ ಬೋಲ್ಟ್‌ಗಳನ್ನು ಎದುರು ಬದುರಾಗಿ ಇನ್ನೊಮ್ಮೆ ಬಿಗಿ ಮಾಡಿ. ಆಮೇಲೆ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ದರೆ ಸರಿ. ಕಪ್ಪು, ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ, ಆತುರ ಇಲ್ಲ, ನಿಧಾನ ಸರಿ ಮಾಡಬಹುದು. ಬಿಳಿ ಇದ್ದರೆ ಅಲ್ಲಿಗೇ ನಿಲ್ಲಿಸಿ, ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕಿದ ಮೇಲೆಯೇ ಮತ್ತೆ ಹಗ್ಗಕ್ಕೆ ಕೈ ಹಾಕಿ.